ಬೇಯಿಸಿದವರ ರುಜು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಳೆದ ತಿಂಗಳು ಅವರು ಕೆಲಸ ಬಿಟ್ಟು ಮನೆಗೆ ಹೊರಟ ದಿನ, "ಅಕ್ಕಾ, ನಿಮ್ಮ ಬಗ್ಗೆ ನಾಲ್ಕು ಸಾಲು ಬರೀತೀನಿ" ಎಂದಿದ್ದೆ. "ಬರಿ, ಬ್ಯಾಡ ಅಂದೋರ್ಯಾರು? ಹೆಸ್ರು ಮಾತ್ರ ಹಾಕ್ಬ್ಯಾಡ" ಎಂದರು. ಯಾಕೆಂದು ಕೇಳಿದ್ದಕ್ಕೆ ಒಂದು ಉತ್ತರ ಕೊಟ್ಟರು. ಅದನ್ನು ಈಗಲೇ ಹೇಳಿಬಿಟ್ಟರೆ ನೀವು ಮುಂದಿನದನ್ನು ಓದದೆ ಎದ್ದು ಹೋಗುತ್ತೀರಿ, ಆದ್ದರಿಂದ ಕೊನೆಗೆ ಇಟ್ಟುಕೊಂಡಿದ್ದೇನೆ.

ಶಿರಾ ಊರಾಚೆ, ಹೈವೇಯಿಂದ ಸ್ವಲ್ಪ ಒಳಕ್ಕೆ, ಒಂದು ಹಳೆಯ ಕಡಲೆಕಾಯಿ ಮಿಲ್ ಇದೆ. ಮಿಲ್ ನಿಂತು ಎಷ್ಟೋ ವರ್ಷವಾದ ಮೇಲೆ ಅದರ ಸಾಹುಕಾರರ ಮೊಮ್ಮಗ ಅದನ್ನು ಹೋಟೆಲ್ ಮಾಡಿದ. ಹೋಟೆಲ್ ಎಂದರೆ ಅವನಿಗೆ ಸಿಟ್ಟು, ರೆಸ್ಟೋರೆಂಟ್ ಎನ್ನಬೇಕು. ಫ್ರಾನ್ಸಿನಲ್ಲಿ ಅಡುಗೆ ಕಲಿತು, ಜಪಾನಿನಲ್ಲಿ ಆರು ವರ್ಷ ಒಬ್ಬ ಹಿರಿಯರ ಕೈಕೆಳಗೆ ದುಡಿದು ಬಂದವನು. ಸಾಮಾನು ಜಪಾನಿನದು, ಮಾಡುವ ರೀತಿ ಫ್ರೆಂಚರದು. ಇಪ್ಪತ್ತನಾಲ್ಕೇ ಕುರ್ಚಿ. ಫ್ರೆಂಚರು ವೈನ್ ಸುರಿಯುವ ಕಡೆಯೆಲ್ಲ ಇವನು ನೇರಳೆಹಣ್ಣಿನ ಹುಳಿರಸ ಹಾಕುತ್ತಿದ್ದ, ಅಜ್ಜನ ಮಿಲ್ಲಿನೊಳಗೆ ಹೆಂಡ ತರುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದನಂತೆ. ನಾವೆಲ್ಲ ಅವನನ್ನು ಷೆಫ್ ಎನ್ನುತ್ತಿದ್ದೆವು. ಬೆಂಗಳೂರಿನಿಂದ ಕಾರುಗಳು ಬರುತ್ತಿದ್ದವು, ತುಮಕೂರಿನ ಕಡೆ ಕಾರ್ಖಾನೆಗಳಲ್ಲಿರುವ ಜಪಾನೀಯರು ಭಾನುವಾರ ಬರುತ್ತಿದ್ದರು. ಶಿರಾದವರು ಮಾತ್ರ ಗೇಟಿನ ಹೊರಗೆ ನಿಂತು ನೋಡಿ, ಒಳಗೆ ಏನು ಕೊಡುತ್ತಾರೆಂದು ನನ್ನನ್ನು ಕೇಳಿ ನಕ್ಕು ಹೋಗುತ್ತಿದ್ದರು.

ನಾನು ಮಧುಗಿರಿಯವನು. ಶಿರಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹದಿನೈದು ವರ್ಷ ಸಪ್ಲೈಯರ್ ಆಗಿದ್ದೆ. ಒಂದೇ ಕೈಯಲ್ಲಿ ಆರು ಲೋಟ ಕಾಫಿ ಹಿಡಿಯುವುದನ್ನು ನೋಡಿ ಷೆಫ್ ನನ್ನನ್ನು ಕರೆದೊಯ್ದು ಕರಿ ವೇಸ್ಟ್‌ಕೋಟ್ ಹಾಕಿಸಿ ಕ್ಯಾಪ್ಟನ್ ಮಾಡಿದ. ಹೊಸದರಲ್ಲಿ ನನ್ನ ಗತ್ತು ಎಷ್ಟಿತ್ತೆಂದರೆ, ಪಾತ್ರೆ ತೊಳೆಯಲು ಹೊಸಬರೊಬ್ಬರು ಬಂದಿದ್ದಾರೆ ಎಂದಾಗ ನಾನು ತಿರುಗಿ ಕೂಡ ನೋಡಲಿಲ್ಲ.

ಆ ಹೊಸಬರೇ ಇವರು. ಆಗಲೇ ಐವತ್ತರ ಹತ್ತಿರ. ತಾವರೆಕೆರೆ ಕಡೆಯ ಹಳ್ಳಿಯವರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಹದಿಮೂರು ವರ್ಷ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡಿದವರು. ಮಕ್ಕಳು ಕಡಿಮೆಯಾಗಿ, ಇಬ್ಬರು ಅಡುಗೆಯವರಲ್ಲಿ ಒಬ್ಬರು ಸಾಕೆಂದಾಗ ಇವರು ಹೊರಗೆ ಬಂದರು. ಈ ಮಿಲ್ಲು ಅವರಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಇಲ್ಲೇ ಕಡಲೆಬೀಜ ಆರಿಸಲು ಕೂತಿದ್ದರಂತೆ. ಈಗ ನಮ್ಮ ಬಿಳಿ ಮೇಜುಬಟ್ಟೆ ಹಾಸಿರುವ ಜಾಗದಲ್ಲೇ. ಅದಕ್ಕೇ ಷೆಫ್‌ನನ್ನು ಅವರು ಯಾವತ್ತೂ ಷೆಫ್ ಎನ್ನಲಿಲ್ಲ, "ಚಿಕ್ಕ ಸಾವ್ಕಾರ್ರೇ" ಎನ್ನುತ್ತಿದ್ದರು. ಅವನು ಅವರನ್ನು ತನ್ನ ಮನೆಮಾತಿನಲ್ಲಿ, ಚಿಕ್ಕಮ್ಮ ಎಂಬಂತೆ, "ಖಾಲಾ" ಎನ್ನುತ್ತಿದ್ದ.

ಮೊದಲ ದಿನ ನಾನು ಊಟದ ತಟ್ಟೆಯೊಂದನ್ನು ಹಿಡಿದು ಹೊರಟಿದ್ದೆ. ಅಗಲವಾದ ತಟ್ಟೆ, ನಡುವೆ ಮೀನಿನ ಒಂದು ತುಂಡು, ಸುತ್ತ ನಾಲ್ಕು ಹನಿ ಹಸಿರು ಸಾಸ್. ಸಿಂಕಿನ ಮುಂದಿನಿಂದ ಅವರು ಕತ್ತೆತ್ತಿ ನೋಡಿದರು.

"ಮಿಕ್ಕಿದ್ದೆಲ್ಲಪ್ಪ?"

"ಅಷ್ಟೇ ಅಕ್ಕಾ."

"ರುಚಿ ನೋಡಕ್ಕೆ ಕೊಡ್ತಾ ಇದ್ದೀರಾ? ಊಟ ಯಾವಾಗ?"

ಷೆಫ್ ಅದನ್ನು ಕೇಳಿಸಿಕೊಂಡು ನಕ್ಕ. ನಕ್ಕವನು ಮರುದಿನದಿಂದ ತುಂಡನ್ನು ಸ್ವಲ್ಪ ದೊಡ್ಡದು ಮಾಡಿದ ಎಂಬುದನ್ನು ನಾನು ಗಮನಿಸಿದೆ. ಅವನು ಒಪ್ಪಿಕೊಳ್ಳುವುದಿಲ್ಲ.

ಅವರಿಗೆ ಒಲೆಯ ಮುಂದೆ ನಿಲ್ಲುವ ಆಸೆ ಎಷ್ಟಿತ್ತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಬೆಂಗಳೂರಿನ ದೊಡ್ಡ ಹೋಟೆಲಿನಿಂದ ಬಂದ ಒಬ್ಬ ಬಾಣಸಿಗನಿದ್ದ. ಪಾತ್ರೆ ತೊಳೆಯುವವರು ಒಲೆಯ ಈಚೆ ಬರಬಾರದೆಂದು ನೆಲದ ಮೇಲೆ ಗೆರೆ ಎಳೆಯುವುದೊಂದೇ ಬಾಕಿ, ಅಂಥವನು. ಅಕ್ಕ ಸಿಂಕಿನ ಹತ್ತಿರವೇ ನಿಂತು, ಒಲೆಯ ಕಡೆಗೆ ಕಿವಿ ಕೊಟ್ಟು ಕೆಲಸ ಮಾಡುತ್ತಿದ್ದರು. ಕುದಿಯುವ ಸದ್ದು ಬದಲಾದರೆ ಅವರ ಕೈ ನಿಲ್ಲುತ್ತಿತ್ತು. ಒಮ್ಮೆ ಆ ಬಾಣಸಿಗ ಫೋನಿನಲ್ಲಿ ಮಾತಾಡುತ್ತ ನಿಂತಾಗ ಇವರು ಸಿಂಕಿನಿಂದಲೇ, "ಯಪ್ಪಾ, ತಳ ಹಿಡೀತೈತೆ" ಎಂದರು. ಅವನು ಓಡಿಹೋಗಿ ಉರಿ ತಗ್ಗಿಸಿದ. ಥ್ಯಾಂಕ್ಸ್ ಹೇಳಲಿಲ್ಲ.

ಇನ್ನು ನನ್ನ ಘನಕಾರ್ಯ. ಇದನ್ನು ಹೇಳದೆ ಅವರ ಕಥೆ ಹೇಳಲಾಗುವುದಿಲ್ಲ, ಇಲ್ಲದಿದ್ದರೆ ಖಂಡಿತ ಹೇಳುತ್ತಿರಲಿಲ್ಲ.

ನಮ್ಮ ಅಡುಗೆಗೆ ಅಡಿಪಾಯ ಎಂದರೆ ಒಂದು ತಿಳಿಸಾರು. ಕೋಳಿ ಮೂಳೆಯನ್ನು ಸಣ್ಣ ಉರಿಯಲ್ಲಿ ಇಡೀ ದಿನ ಬೇಯಿಸಿ, ಬಸಿದು, ಮೊಟ್ಟೆಯ ಬಿಳಿ ಹಾಕಿ ಕಲಕನ್ನೆಲ್ಲ ಎತ್ತಿ, ಕೊನೆಗೆ ಕೊಂಬು ಎಂಬ ಜಪಾನಿನ ಕಡಲಪಾಚಿಯನ್ನು ಅದರಲ್ಲಿ ನೆನೆಸಿ ತೆಗೆಯುವುದು. ಒಂದು ದಿನ ಅಡುಗೆಮನೆಯಲ್ಲಿ ಜನ ಕಡಿಮೆ. ಷೆಫ್ ನನ್ನ ಕಡೆ ನೋಡಿ, "ಭಾಯ್, ಆ ದೊಡ್ಡ ಪಾತ್ರೆ ಜರಾ ಬಸಿದಿಡಿ" ಎಂದ. ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಿರಿಯಾನಿಗೆ ಅಕ್ಕಿ ಬಸಿದು ಬಸಿದು ಕೈ ಪಳಗಿಸಿಕೊಂಡವನು. ಜರಡಿ ಇಟ್ಟೆ, ಪಾತ್ರೆ ಎತ್ತಿದೆ, ಅಷ್ಟನ್ನೂ ಸಿಂಕಿಗೆ ಬಗ್ಗಿಸಿದೆ. ಜರಡಿಯಲ್ಲಿ ಉಳಿದ ಮೂಳೆಗಳನ್ನು ಟ್ರೇಯಲ್ಲಿ ಚೆಂದವಾಗಿ ಜೋಡಿಸಿ ಷೆಫ್ ಮುಂದೆ ಇಟ್ಟೆ.

ಷೆಫ್ ಟ್ರೇ ನೋಡಿದ. ನನ್ನ ಮುಖ ನೋಡಿದ. "ಸಾರು?" ಎಂದ.

ಆಗ ಸಿಂಕಿನ ಕಡೆಯಿಂದ ಅಕ್ಕನ ದನಿ ಬಂತು.

"ಇಲ್ಲೈತೆ ಚಿಕ್ಕ ಸಾವ್ಕಾರ್ರೇ. ಕೆಳಗೆ ಪಾತ್ರೆ ಇಲ್ದೆ ಯಾರಾದ್ರೂ ಬಸೀತಾರಾ?"

ನಾನು ಜರಡಿ ಇಡುವುದನ್ನು ಕಂಡ ಕೂಡಲೇ ಅವರು ತೊಳೆಯುತ್ತಿದ್ದ ದೊಡ್ಡ ಪಾತ್ರೆಯೊಂದನ್ನು ಅದರ ಕೆಳಗೆ ತಳ್ಳಿದ್ದರು. ಯೋಚನೆ ಮಾಡಿ ತಳ್ಳಿದ್ದಲ್ಲ. ಬಸ್ಸಾರಿನ ನಾಡಿನ ಹೆಂಗಸು, ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟನ್ನು ಸಾರಿಗೆ, ಉಳಿದದ್ದನ್ನು ಪಲ್ಯಕ್ಕೆ ಎಂದು ಹುಟ್ಟಿದಾಗಿನಿಂದ ಎತ್ತಿಟ್ಟವರು. ಕಟ್ಟು ಚೆಲ್ಲುವ ಕೈ ಅವರದಲ್ಲ. ನಮ್ಮವ್ವನೂ ಮಧುಗಿರಿಯಲ್ಲಿ ಹಾಗೇ ಮಾಡುತ್ತಿದ್ದಳು. ಹೋಟೆಲ್ ಸೇರಿ ನಾನು ಮರೆತಿದ್ದೆ.

ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಬೆರಳಲ್ಲಿ ಒಂದೀಟು ನೆಕ್ಕಿದ್ದೆ, ತಪ್ಪು ತಿಳೀಬ್ಯಾಡಿ. ಇದು ಇನ್ನೊಂದು ಗಂಟೆ ಬೇಯ್ಬೇಕಿತ್ತು" ಎಂದರು.

ಷೆಫ್ ಚಮಚ ತೆಗೆದುಕೊಂಡು ರುಚಿ ನೋಡಿದ. ಕಣ್ಣು ಮುಚ್ಚಿದ. "ಖಾಲಾ, ನಾಳೆಯಿಂದ ಇದು ನಿಮ್ಮ ಕೆಲಸ" ಎಂದ.

ದೊಡ್ಡ ಹೋಟೆಲಿನ ಬಾಣಸಿಗ ತಾನೋ ಅವರೋ ಎಂದು ಹಟ ಹಿಡಿದ. ಒಂದು ವಾರ ಮುಖ ಊದಿಸಿಕೊಂಡಿದ್ದು ಬೆಂಗಳೂರಿಗೆ ವಾಪಸು ಹೋದ.

ಮೊಟ್ಟೆಯ ಬಿಳಿಯಲ್ಲಿ ಸಾರು ತಿಳಿ ಮಾಡುವುದನ್ನು ಷೆಫ್ ಅವರಿಗೆ ಹೇಳಿಕೊಟ್ಟದ್ದು ಒಂದೇ ಸಲ. ಅದಕ್ಕೊಂದು ದೊಡ್ಡ ಫ್ರೆಂಚ್ ಹೆಸರು ಹೇಳಿ, ಇದನ್ನು ಕಲಿಯಲು ತನಗೆ ಮೂರು ತಿಂಗಳು ಹಿಡಿಯಿತೆಂದ. ಅವರು ನೋಡುತ್ತ ನಿಂತು, "ನಮ್ಮವ್ವನ ತವರುಮನೆ ಕೊರಟಗೆರೆ ತಾವು. ಆಲೆಮನೇಲಿ ಕಬ್ಬಿನ ಹಾಲಿಗೆ ಬೆಂಡೆ ಲೋಳೆ ಬುಟ್ಟು ಕೊಳೆ ಎತ್ತೋದೂ ಇಂಗೇ" ಎಂದು ಜಾಲರಿ ಸೌಟು ಕೈಗೆ ತೆಗೆದುಕೊಂಡರು. ಅವತ್ತಿನ ಸಾರಿನ ತಳದಲ್ಲಿ ಬಟ್ಟಲಿನ ಹೂವಿನ ಚಿತ್ರ ಸ್ಪಷ್ಟವಾಗಿ ಕಂಡಿತು. ಷೆಫ್ ಮೂರು ತಿಂಗಳ ಮಾತನ್ನು ಮತ್ತೆ ಎತ್ತಲಿಲ್ಲ.

ಕೊಂಬನ್ನು ಅವರು ಚಕ್ಕಳ ಎನ್ನುತ್ತಿದ್ದರು. ಸಾರಿನಿಂದ ತೆಗೆದ ಚಕ್ಕಳವನ್ನು ಬಿಸಾಡಲು ಬಿಡುತ್ತಿರಲಿಲ್ಲ. ಸಣ್ಣಗೆ ಹೆಚ್ಚಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಕಡಲೆಬೀಜದ ಪುಡಿ ಹಾಕಿ ಪಲ್ಯ ಮಾಡಿ ನಮಗೆ ಮುದ್ದೆಯ ಜೊತೆ ಬಡಿಸುತ್ತಿದ್ದರು. ಮೊದಲ ದಿನ ಷೆಫ್ ಮೂಗು ಮುರಿದ. ಎರಡನೆಯ ವಾರ ಅದನ್ನೊಂದು ಪುಟ್ಟ ಬಟ್ಟಲಿನಲ್ಲಿ ಸಾರಿನ ಪಕ್ಕ ಇಟ್ಟು ಗಿರಾಕಿಗಳಿಗೆ ಕಳಿಸಿದ. ಬಟ್ಟಲುಗಳೆಲ್ಲ ಖಾಲಿ ಬಂದವು.

ಸಾರು ಕೈಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ, ಒಂದು ಉದ್ದ ನೋಟ್‌ಬುಕ್ಕು. ಶಾಲೆಯಲ್ಲಿ ಬಿಸಿಯೂಟಕ್ಕೆ ಒಂದು ಕಟ್ಟುಪಾಡಿದೆ. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಮೇಷ್ಟ್ರು ರುಚಿ ನೋಡಬೇಕು, ಪುಸ್ತಕದಲ್ಲಿ ಬರೆದು ರುಜು ಹಾಕಬೇಕು, ಆಮೇಲೆಯೇ ಬಡಿಸಬೇಕು. ಅಕ್ಕ ನಮ್ಮ ಪುಸ್ತಕಕ್ಕೂ ಹಾಗೇ ಗೆರೆ ಹಾಕಿದರು. ತಾರೀಖು, ಅಡುಗೆ, ರುಚಿ ನೋಡಿದವರ ರುಜು, ಷರಾ. ದಿನಾ ಷೆಫ್ ರುಚಿ ನೋಡಿ ರುಜು ಹಾಕುತ್ತಿದ್ದ. ಆಮೇಲೆ ಗೋಡೆಯ ಗಡಿಯಾರದಲ್ಲಿ ಅರ್ಧ ಗಂಟೆ.

"ಮಾಡಿದವರ ರುಜು ಎಲ್ಲಕ್ಕಾ?" ಎಂದು ನಾನೊಮ್ಮೆ ಕೇಳಿದೆ.

"ಬೇಯ್ಸೋರ್ದು ಯಾಕಪ್ಪಾ? ಸ್ಕೂಲಲ್ಲೂ ಇರ್ಲಿಲ್ಲ." ಸೌಟು ತೊಳೆದಿಡುತ್ತ, "ಹದಿಮೂರ್ ವರ್ಸ ಹೆಡ್ ಮೇಷ್ಟ್ರು ನನ್ ಅಡುಗೆ ಉಂಡು ರುಜು ಹಾಕವ್ರೆ. ಷರಾದಾಗೆ ದಿನಾ ಒಂದೇ ಬರೀತಿದ್ರು, 'ಪರವಾಗಿಲ್ಲ' ಅಂತ. ಮಕ್ಳು ತಟ್ಟೆ ನೆಕ್ಕೋವು. ಅವ್ರು 'ಪರವಾಗಿಲ್ಲ' ಅನ್ನೋರು" ಎಂದರು.

ನಗುತ್ತಲೇ ಹೇಳಿದರು. ಆದರೆ ಆ ನಗುವಿನ ಕೆಳಗೆ ಹದಿಮೂರು ವರ್ಷದ ನೋವು ಕೂತಿತ್ತು. ನನಗೆ ಆ ಮೇಷ್ಟ್ರ ಮೇಲೆ ಕೆಟ್ಟ ಕೋಪ ಬಂತು.

ವರ್ಷ ತುಂಬುವ ಹೊತ್ತಿಗೆ ಷೆಫ್‌ನ ಗುರುಗಳು ಜಪಾನಿನಿಂದ ಬರುತ್ತಾರೆಂಬ ಸುದ್ದಿ ಬಂತು. ನಮ್ಮ ಕೊಂಬು, ಮಿಸೊ ಎಂಬ ಸೋಯಾ ಹುದುಗು, ಹೆರೆದ ಒಣಮೀನು ಎಲ್ಲ ಬರುತ್ತಿದ್ದದ್ದು ಆ ಹಿರಿಯರ ಉಗ್ರಾಣದಿಂದ. ಅವರು ಮೊದಲೇ ಹೇಳಿದ್ದರಂತೆ: ಒಂದು ವರ್ಷ ಕಳಿಸುತ್ತೇನೆ, ಆಮೇಲೆ ಬಂದು ಉಣ್ಣುತ್ತೇನೆ, ನನ್ನ ಸಾಮಾನು ಹಾಳಾಗುತ್ತಿದ್ದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಸಾಮಾನು ನಿಂತರೆ ನಮ್ಮ ಬಾಗಿಲು ಮುಚ್ಚಿದಂತೆಯೇ.

ಷೆಫ್ ಹಿಂದಿನ ದಿನ ಅಕ್ಕನನ್ನು ಕರೆದ. "ಖಾಲಾ, ನಾಳೆ ತಿಳಿಸಾರು ನಿಮ್ಮದು. ಉಸ್ತಾದರು ಒಪ್ಪಿದರೆ ಈ ಒಲೆ ಪೂರ್ತಿ ನಿಮಗೇ. ಒಪ್ಪದಿದ್ದರೆ ನಮ್ಮಿಬ್ಬರಿಗೂ ಒಲೆ ಇಲ್ಲ."

"ನಂಗೆ ಸಿಂಕಾದ್ರೂ ಐತೆ. ನಿಮ್ಗೆ?" ಎಂದರು ಅಕ್ಕ.

ಮಧ್ಯಾಹ್ನ ಹನ್ನೆರಡೂವರೆಗೆ ಹಿರಿಯರು ಬಂದರು. ಎಂಬತ್ತು ಮುಟ್ಟುತ್ತಿರುವ, ಬಡಕಲು ಮೈಯ, ನೆಟ್ಟಗೆ ಕೂರುವ ಮನುಷ್ಯ. ಗಾಬರಿಯಲ್ಲಿದ್ದ ಷೆಫ್ ಅಂದು ಕೊಂಬನ್ನು ತಾನೇ ಸಾರಿಗೆ ಹಾಕಿ, ಗುರುಗಳ ಕಾರು ಬಂತೆಂದು ಹೊರಗೆ ಓಡಿಬಿಟ್ಟಿದ್ದ. ಮರಳಿ ಬಂದು ಕೊಂಬು ತೆಗೆದು, ರುಚಿ ನೋಡಿ, "ವಾಹ್" ಎಂದು ರುಜು ಹಾಕಿದ. ಅಕ್ಕನೂ ಒಂದು ಚಮಚ ಕುಡಿದು ತಲೆಯಾಡಿಸಿದರು. ಬಟ್ಟಲು ಬೆಚ್ಚಗಾಗಿದ್ದವು. ನಾನು ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು ನಿಂತೆ.

"ಹಾಕಿ ಖಾಲಾ."

"ಅರ್ಧ ಗಂಟೆ ಆಗ್ಲಿಲ್ವಲ್ಲ."

"ಇವತ್ತು ಒಂದು ದಿನ ಬಿಡಿ ಖಾಲಾ, ಉಸ್ತಾದರು ಕೂತಿದ್ದಾರೆ."

"ಎರಡ್ನೂರು ಮಕ್ಳನ್ನ ಕೂರ್ಸಿದ್ದೀನಿ ನಾನು, ತಟ್ಟೆ ಬಡ್ಕೊಂಡು ಕೂಗೋವು. ಇವ್ರೊಬ್ರು ಕೂರಾಕಿಲ್ವಾ?"

ಷೆಫ್ ತಲೆ ಹಿಡಿದುಕೊಂಡ. ನಾನು ಹೊರಗೆ ಹೋಗಿ ಹಿರಿಯರ ಲೋಟಕ್ಕೆ ನೀರು ತುಂಬಿಸಿ ಬಂದೆ. ಹತ್ತು ನಿಮಿಷವಾಗಿರಬೇಕು. ಅಕ್ಕ ಇದ್ದಕ್ಕಿದ್ದಂತೆ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಸದ್ದು ಮಾಡಿದರು.

"ಚಿಕ್ಕ ಸಾವ್ಕಾರ್ರೇ, ನಿಮ್ ನಾಲಿಗೆ ಬುಡದಾಗೆ ಏನೈತೆ ನೋಡ್ಕಳಿ."

ಷೆಫ್ ಒಂದು ಕ್ಷಣ ನಿಂತು ನೋಡಿಕೊಂಡ. ಅವನ ಬಣ್ಣ ಇಳಿಯಿತು. ಕೊಂಬು ಹೆಚ್ಚು ಹೊತ್ತು ಕಾದು ಸಾರಿಗೆ ಒಗರು ಬಿಟ್ಟಿತ್ತು. ಕುಡಿದ ಕೂಡಲೇ ತಿಳಿಯುವಂಥದ್ದಲ್ಲ, ಮೆಲ್ಲಗೆ ಹಿಂದಿನಿಂದ ಬರುವಂಥದ್ದು. ಜೀವನವಿಡೀ ಕೊಂಬಿನೊಡನೆ ಬದುಕಿದ ಮನುಷ್ಯನ ಮುಂದೆ ಅದನ್ನು ಇಡುವುದರಲ್ಲಿದ್ದೆವು.

ಅಕ್ಕ ಆ ಸಾರನ್ನು ಪಕ್ಕಕ್ಕೆ ಸರಿಸಿದರು. ಕೊಂಬು ಹಾಕದೆ ಎತ್ತಿಟ್ಟಿದ್ದ ತಿಳಿ ಇನ್ನೊಂದು ಪಾತ್ರೆಯಲ್ಲಿತ್ತು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಮುಗಿಸುವ ಅಭ್ಯಾಸ ಅವರಿಗಿರಲಿಲ್ಲ. ಅದನ್ನು ಸಣ್ಣ ಉರಿಗೆ ಇಟ್ಟು, ಹೊಸ ಕೊಂಬು ಒರೆಸಿ ಹಾಕಿ, ಪಾತ್ರೆಯ ಮೇಲೆ ಬಗ್ಗಿ ನಿಂತರು. "ಓಗಿ ಅವ್ರಿಗೆ ನಿಜ ಹೇಳು. ಅಡುಗೆಯವ್ಳಿಗೆ ಇಡಿಸ್ಲಿಲ್ಲ, ಇನ್ನೊಂದ್ ಮಾಡ್ತಾವ್ಳೆ ಅಂತ" ಎಂದು ನನಗೆ ಹೇಳಿದರು.

ನನ್ನ ಇಂಗ್ಲಿಷ್ ಬಸ್‌ಸ್ಟ್ಯಾಂಡಿನಲ್ಲಿ ಕಲಿತದ್ದು. ಇದ್ದಷ್ಟರಲ್ಲಿ ಹೇಳಿದೆ. ಹಿರಿಯರು ನನ್ನ ಮುಖವನ್ನೇ ನೋಡಿದರು. ಮಡಿಲ ಬಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದರು. ಮುಗಿಯಿತು, ಕಾರಿಗೆ ಹೋಗುತ್ತಾರೆ ಎಂದುಕೊಂಡೆ. ಅವರು ನೇರ ಅಡುಗೆಮನೆಗೆ ನಡೆದರು.

ಒಳಗೆ ಹೋಗಿ ಒಲೆಯ ಪಕ್ಕ ನಿಂತರು. ಅಕ್ಕ ಅವರತ್ತ ನೋಡಲಿಲ್ಲ. ಸಾರಿನ ಅಂಚಿನಲ್ಲಿ ಮೊದಲ ಸಣ್ಣ ಗುಳ್ಳೆ ಎದ್ದ ಕೂಡಲೇ ಕೊಂಬನ್ನು ಎತ್ತಿದರು. ಹಿರಿಯರ ಗಂಟಲಿನಿಂದ ಹೂಂ ಎಂಬ ಸಣ್ಣ ದನಿ ಬಂತು. ಅಕ್ಕ ಒಂದು ಚಮಚ ತಾವು ಕುಡಿದು, ಇನ್ನೊಂದನ್ನು ಅವರಿಗೆ ಕೊಟ್ಟು, ಅವರು ಕುಡಿಯುತ್ತಲೇ ಬೆರಳಿನಿಂದ ಗೋಡೆಯ ಗಡಿಯಾರ ತೋರಿಸಿದರು.

ಷೆಫ್ ಕಟ್ಟುಪಾಡನ್ನು ಜಪಾನಿ ಮಾತಿನಲ್ಲಿ ವಿವರಿಸಿದ. ಹಿರಿಯರು ಕುರ್ಚಿ ಬೇಡವೆಂದರು. ಆ ಎಂಬತ್ತರ ಮನುಷ್ಯ, ಅಕ್ಕ, ಷೆಫ್, ನಾನು, ನಾಲ್ವರೂ ಅರ್ಧ ಗಂಟೆ ಗಡಿಯಾರ ನೋಡುತ್ತ ನಿಂತೆವು.

ಮುಳ್ಳು ಬಂದು ನಿಂತಿತು. ಹಿರಿಯರು ಷೆಫ್‌ಗೆ ಏನೋ ಹೇಳಿದರು. ಷೆಫ್ ಕಣ್ಣೊರೆಸಿಕೊಂಡು ಅದನ್ನು ಕನ್ನಡಕ್ಕೆ ತಂದ: "ಇನ್ನು ಮುಂದೆ ಕೊಂಬು ಕಳಿಸುವುದು ಇವನಿಗಲ್ಲ, ಈಕೆಗೆ ಅಂತ ಹೇಳ್ತಿದ್ದಾರೆ ಖಾಲಾ."

ಅಕ್ಕ ಪುಸ್ತಕ ತೆರೆದು ಅವರ ಮುಂದೆ ಹಿಡಿದರು. ಹಿರಿಯರು ತಮ್ಮ ಲಿಪಿಯಲ್ಲಿ ರುಜು ಹಾಕಿದರು. ಆಮೇಲೆ ಪುಟದ ಮೇಲೆ ಬೆರಳಾಡಿಸಿ ಏನೋ ಕೇಳಿದರು. ಮಾಡಿದವರು ಯಾರೆಂದು ಇದರಲ್ಲಿ ಎಲ್ಲಿ ಬರೆಯುತ್ತೀರಿ ಎಂದು ಕೇಳಿದರಂತೆ. ಹಿರಿಯರು ಪೆನ್ನು ತೆಗೆದುಕೊಂಡು, ಪುಟದ ಎಡಕ್ಕೆ, ಎಲ್ಲಕ್ಕಿಂತ ಮೊದಲು ಬರುವಂತೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದರು. ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಅಕ್ಕನಿಗೆ ಕೊಟ್ಟರು.

ಅಕ್ಕ ಸೀರೆಗೆ ಕೈ ಒರೆಸಿಕೊಂಡರು. ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆದರು. ಬರೆದು ಮುಗಿಸಿ, ಸರಿಯಾಗಿದೆಯೋ ಎಂಬಂತೆ ಒಂದು ಸಲ ಓದಿಕೊಂಡರು. ನಾನು ಅಡುಗೆಮನೆಯಲ್ಲಿ ಅತ್ತದ್ದು ಅದೊಂದೇ ಸಲ, ಈರುಳ್ಳಿಯ ದಿನಗಳನ್ನು ಬಿಟ್ಟರೆ.

ಆಮೇಲಿನ ಎಂಟು ವರ್ಷ ಒಲೆ ಅವರದಾಯಿತು. ಬೆಂಗಳೂರಿನ ಕಾರುಗಳು ತಿಂಗಳ ಮೊದಲೇ ಜಾಗ ಹಿಡಿದು ಬರತೊಡಗಿದವು. ಗೇಟಿನಲ್ಲಿ ನಿಂತು ನಗುತ್ತಿದ್ದ ಶಿರಾದವರು ಮದುವೆಯಾದ ಮಕ್ಕಳನ್ನು ಕರೆದುಕೊಂಡು ಒಳಗೆ ಬಂದು ಕೂತರು. ದೊಡ್ಡ ಹೋಟೆಲಿನವರು ಅವರ ಕೈರುಚಿ ನೋಡಲೆಂದೇ ಬಂದು, ಅರ್ಧ ಗಂಟೆ ಕಾದು, ಉಂಡು ಹೋದರು. ಅಕ್ಕ ಒಮ್ಮೆಯೂ ಊಟದ ಹಾಲಿನಲ್ಲಿ ಕೂರಲಿಲ್ಲ. ಕರೆದರೆ, "ಕೆಲ್ಸ ಬುಟ್ಟ ದಿನ ಕೂತ್ಕಂತೀನಿ" ಎನ್ನುತ್ತಿದ್ದರು.

ಕಳೆದ ತಿಂಗಳು ಆ ದಿನ ಬಂತು. ಏಪ್ರನ್ ಬಿಚ್ಚಿ ಮಡಿಚಿಟ್ಟು, ಹಸಿರು ರೇಷ್ಮೆ ಸೀರೆಯಲ್ಲಿ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತರು. "ನಮ್ಮವ್ವ ಕಡ್ಲೆಬೀಜ ಆರಿಸ್ತಿದ್ದ ಜಾಗ" ಎಂದು ನೆಲ ತೋರಿಸಿದರು. ನಾನು ಬಿಳಿ ಬಟ್ಟೆ ಸುತ್ತಿಕೊಂಡು, ಮಂತ್ರಿಗಳಿಗೂ ಬಗ್ಗದಷ್ಟು ಬಗ್ಗಿ ನೀರು ಬಡಿಸಿದೆ.

ಒಲೆಯನ್ನು ಅವರು ಒಪ್ಪಿಸಿದ್ದು ಕ್ಯಾತಗಾನಚೆರ್ಲಿನ ಹೆಣ್ಣುಮಗಳಿಗೆ. ಮೂವತ್ತೈದರ ಹೆಂಗಸು, ಮನೆಯ ಜಮೀನೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ನಮ್ಮಲ್ಲಿಗೆ ಬಂದು, ಐದು ವರ್ಷ ಅಕ್ಕನ ಪಕ್ಕದಲ್ಲೇ ನಿಂತು ಕಲಿತವಳು. ಆವತ್ತಿನ ತಿಳಿಸಾರು ಅವಳದು. ಬಟ್ಟಲನ್ನು ತಾನೇ ತಂದಿಟ್ಟು, ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಂತಳು.

"ಬಾಗುಂದಾ ಪಿನ್ನಮ್ಮಾ?" ಎಂದಳು ತನ್ನ ತೆಲುಗಿನಲ್ಲಿ, ಚೆನ್ನಾಗಿದೆಯಾ ಚಿಕ್ಕಮ್ಮ ಎಂದು, ಅಕ್ಕ ಬಟ್ಟಲು ಕೆಳಗಿಡುವ ಮೊದಲೇ.

"ಅರ್ಧ ಗಂಟೆ ತಡಿಯಮ್ಮಿ."

ಇಡೀ ಅಡುಗೆಮನೆ ಹಾಲಿಗೆ ಬಂದು ನಿಂತಿತು. ಷೆಫ್ ಕೂಡ, ನೆರೆತ ಗಡ್ಡ ಕೆರೆದುಕೊಳ್ಳುತ್ತ. ಅಕ್ಕ ಕೈ ಕಟ್ಟಿಕೊಂಡು ಕಿಟಕಿಯಾಚೆ ಹೈವೇ ನೋಡುತ್ತಿದ್ದರು. ಸಮಯ ಮುಗಿದಾಗ ಪುಸ್ತಕ ತೆರೆಸಿದರು.

"ಮೊದ್ಲು ನಿಂದು ಹಾಕು. ಬೇಯ್ಸಿದೋರ್ದು ಮೊದ್ಲು."

ಅವಳು ಹಾಕಿದಳು. ಆಮೇಲೆ ರುಚಿ ನೋಡಿದವರ ಜಾಗದಲ್ಲಿ ಅಕ್ಕ ತಮ್ಮ ರುಜು ಹಾಕಿದರು. ಶಾಲೆಯ ಪುಸ್ತಕದಲ್ಲಿ ಹದಿಮೂರು ವರ್ಷ ಹೆಡ್ ಮೇಷ್ಟ್ರ ರುಜು ಕೂತಿದ್ದ ಜಾಗ ಅದು. ಷರಾ ಬರೆಯಲು ಪೆನ್ನು ಎತ್ತಿದವರು ಸ್ವಲ್ಪ ತಡೆದರು. ಅಕ್ಕ ಬಗ್ಗಿ, ದಪ್ಪ ಅಕ್ಷರದಲ್ಲಿ, 'ಬಹಳ ಚೆನ್ನಾಗಿದೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಊಟ ಮುಗಿದು ಗೇಟಿನವರೆಗೆ ಬಿಡಲು ಹೋದಾಗಲೇ ನಾನು ಬರೆಯುವ ಮಾತು ಎತ್ತಿದ್ದು. ಹೆಸರು ಯಾಕೆ ಬೇಡವೆಂದು ಕೇಳಿದೆ. ಆಟೋ ಹತ್ತಿ ಸೆರಗು ಸರಿಮಾಡಿಕೊಂಡು ಅವರು ಹೇಳಿದ್ದು ಇಷ್ಟು:

"ನನ್ ಹೆಸ್ರು ಎಲ್ಲಿರ್ಬೇಕೋ ಅಲ್ಲೈತೆ ಕಣಪ್ಪಾ."

ನೋಡಬೇಕೆನ್ನುವವರು ಶಿರಾಕ್ಕೆ ಬನ್ನಿ. ಆ ಹಳೆಯ ಪುಸ್ತಕ ಅಡುಗೆಮನೆಯ ಗಡಿಯಾರದ ಕೆಳಗೇ ಇದೆ, ಹಿರಿಯರು ಗೆರೆ ಎಳೆದ ಪುಟ ತೆಗೆದು ಎಡಗಡೆ ಓದಿ. ಊಟಕ್ಕೆ ಕೂರುವುದಾದರೆ ಅರ್ಧ ಗಂಟೆ ಕಾಯಬೇಕಾಗುತ್ತದೆ, ಅದಕ್ಕೆ ಮಾತ್ರ ನನ್ನನ್ನು ಬಯ್ಯಬೇಡಿ.